ಬ್ರೆಜಿಲ್‌ನಿಂದ ಬಂದ ಖಾರ

ವಿಶ್ವರಾಧ್ಯನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಬಾಯಲ್ಲಿ ತುತ್ತಿರುವಾಗ, ಮೆಣಸಿನಕಾಯಿ ನಮ್ಮ ದೇಶದ್ದಲ್ಲ ಎಂಬ ಭಯಂಕರ ಸತ್ಯ ತಿಳಿಯಿತು. ತಿಳಿಸಿದ್ದು ಶತ್ರುವಲ್ಲ, ಸ್ವಂತ ಹೆಂಡತಿ. (ಈ ಎರಡಕ್ಕೂ ವ್ಯತ್ಯಾಸವಿದೆ ಎಂದು ಆತ ಆ ಬುಧವಾರದವರೆಗೂ ನಂಬಿದ್ದ.)

ರಂಗಂಪೇಟೆಯಲ್ಲಿ ಅವನದೊಂದು ಎಣ್ಣೆಯಂಗಡಿ. ಮೇಲೆ ‘ಅಪ್ಪಟ ದೇಸಿ ಶೇಂಗಾ ಎಣ್ಣೆ’ ಎಂಬ ಆಳೆತ್ತರದ ಬೋರ್ಡು. ಸುರಪುರ, ಶಹಾಪುರದ ಹಿರಿಯರು ಕೂಡಿ ಕಟ್ಟಿದ ‘ದೇಸಿ ಊಟದ ಬಳಗ’ಕ್ಕೆ ಅವನೇ ಕಾರ್ಯದರ್ಶಿ. ಆ ಪಟ್ಟ ಬಂದ ದಿನದಿಂದ ಮನೆಯಲ್ಲಿ ಪರದೇಶಿ ಪದಾರ್ಥಗಳ ಉಚ್ಚಾಟನೆ ಶುರುವಾಯಿತು. ನೂಡಲ್ಸ್ ಹೋಯಿತು, ಓಟ್ಸ್ ಹೋಯಿತು, ಹೆಂಡತಿ ಗುರುದೇವಿ ತಲೆನೋವಿಗೆಂದು ಇಟ್ಟುಕೊಂಡಿದ್ದ ಕಾಫಿಪುಡಿಯೂ ತಿಪ್ಪೆ ಸೇರಿತು. (ಚಹಾ ಉಳಿಯಿತು. ಚಹಾ ವಿಶ್ವರಾಧ್ಯನೂ ಕುಡಿಯುತ್ತಿದ್ದ.)

ಗುರುದೇವಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಮರುದಿನ ಬ್ರೆಜಿಲ್ ಪಾಠವಿದ್ದುದರಿಂದ ಆ ಬುಧವಾರ ರಾತ್ರಿ ಗೋಡೆಗೆ ನಕಾಶೆ ತೂಗುಹಾಕಿ, ರೊಟ್ಟಿ ಬಡಿಸುತ್ತ ಗಂಡನ ಮೇಲೆಯೇ ತಾಲೀಮು ನಡೆಸಿದ್ದಳು.

“ದಕ್ಷಿಣ ಅಮೆರಿಕದಾಗ ಎಲ್ಲಾದಕ್ಕಿಂತ ದೊಡ್ಡ ದೇಶ ರೀ ಇದು. ನಮ್ಮಂಥಾ ಎರಡೂವರಿ ದೇಶ ಇದರಾಗ ಕೂಡ್ತಾವ.”

“ಎರಡೂವರಿ?” ವಿಶ್ವರಾಧ್ಯ ದಂಗಾದ.

“ಮ್ಯಾಲ ಅಮೆಜಾನ್ ಹೊಳಿ. ನಮ್ಮ ಕೃಷ್ಣಾ ಅದರ ಮುಂದ ಕಾಲುವಿ ಇದ್ದಂಗ. ಸಾವಿರದ ಐನೂರನೇ ಇಸ್ವಿದಾಗ ಪೋರ್ಚುಗೀಸರು ಭಾರತಕ್ಕಂತ ಹಡಗ ಬಿಟ್ರು. ಪಶ್ಚಿಮಕ್ಕ ಸರದು ಸರದು ಇಲ್ಲಿ ದಂಡಿಗಿ ಬಂದು ಮುಟ್ಟಿದ್ರು. ಶಿಲುಬಿ ನೆಟ್ಟು, ಇದು ನಮ್ಮ ರಾಜಂದು ಅಂದ್ರು.”

“ಅಲ್ಲಿ ಮಂದಿ ಇರಲಿಲ್ಲೇನು?”

“ಲಕ್ಷಗಟ್ಟಲೆ ಇದ್ರು. ಅವರನ್ನ ಕೇಳಿದವರ‍್ಯಾರು? ಬ್ಯಾನಿ ಬಂದು ಸತ್ರು, ದುಡದು ಸತ್ರು. ಕಬ್ಬಿನ ತ್ವಾಟಕ್ಕ ಆಳು ಸಾಲವಲ್ದು ಅಂತ ಆಫ್ರಿಕಾದಾಗಿಂದ ಮಂದೀನ ಹಿಡಕೊಂಡು ಬಂದ್ರು.”

“ಏನ್ ಮಂದಿ ಅವರು,” ಎಂದು ವಿಶ್ವರಾಧ್ಯ ತುತ್ತು ಕೈಯಲ್ಲೇ ಹಿಡಿದು ನಿಜಕ್ಕೂ ಮರುಗಿದ. ಗುರುದೇವಿ ಪುಟ ತಿರುವಿದಳು. ಮರುಗಿದ್ದು ಅಲ್ಲಿಗೆ ಮುಗಿಯಿತು.

“ಅಲ್ಲಿ ಮಂದಿ ಬೆಳಕೊಂಡು ತಿಂತಿದ್ದ ಮೆಣಸಿನಕಾಯಿ, ಗೋಡಂಬಿ ಇವರ ಹಡಗಿನ್ಯಾಗ ಗೋವಾಕ್ಕ ಬಂದು ಇಳದ್ವು. ಶೇಂಗಾನೂ ಆ ಕಡೀದ.”

ರೊಟ್ಟಿಗೆ ಹಚ್ಚಿಕೊಂಡಿದ್ದ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ವಿಶ್ವರಾಧ್ಯನ ನೆತ್ತಿಗೇರಿತು. ಗುರುದೇವಿ ಓಡಿಬಂದು ಬೆನ್ನು ತಟ್ಟಿ ನೀರು ಕೊಟ್ಟಳು. ಅವಳಿಗೂ ಆಘಾತವಾಗಿತ್ತು. ಪ್ರತಿ ವರ್ಷ ಪಾಠ ಮಾಡುತ್ತಿದ್ದರೂ ಆ ಸಾಲನ್ನು ತನ್ನ ಒಲೆಗೆ ಹೊಂದಿಸಿ ನೋಡಿರಲಿಲ್ಲ.

“ಹಂಗಾರ ಅದಕ್ಕ ಮೊದಲ ನಮ್ಮ ಮಂದಿ ಖಾರಕ್ಕ ಏನ್ ಮಾಡ್ತಿದ್ರು?”

“ಮೆಣಸು ರೀ, ಕರೇ ಮೆಣಸು. ಇದು ಅದರ ಹೆಸರ ಹಚ್ಚಕೊಂಡು ಒಳಗ ಹೊಕ್ಕೈತಿ.”

ಇಬ್ಬರೂ ಎದ್ದು ಡಬ್ಬಿಗಳ ವಿಚಾರಣೆಗೆ ಕೂತರು. ಟೊಮೆಟೊ ಸಿಕ್ಕಿಬಿತ್ತು. ಬಟಾಟೆ ಸಿಕ್ಕಿಬಿತ್ತು. ಹಿತ್ತಲಿನ ಪೇರಲ ಗಿಡವೂ ಅತ್ತಲಿನದೇ ಎಂದು ಗೊತ್ತಾದಾಗ ವಿಶ್ವರಾಧ್ಯ ಕಂಬಕ್ಕೆ ಒರಗಿದ.

“ಜೋಳದ ಮಾತು ತಗೀಬ್ಯಾಡ,” ಎಂದ.

“ಅದೂ ಆಫ್ರಿಕಾದ್ದು. ಆದ್ರ ಬಂದು ಸಾವಿರಾರು ವರ್ಷ ಆತು, ಇರಲಿ ಬಿಡ್ರಿ.”

ಭಾನುವಾರವೇ ಬಳಗದ ಅಧ್ಯಕ್ಷ ಮರಿಲಿಂಗಪ್ಪನವರು ಶಹಾಪುರದಿಂದ ಇವನ ಮನೆಗೆ ಊಟಕ್ಕೆ ಬರುವವರಿದ್ದರು.

“ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದು ವಿಶ್ವರಾಧ್ಯ ಬೇಡಿಕೊಂಡ.

“ಬಿಡಂಗಿಲ್ಲ. ಆದ್ರ ದೇಸಿ ಊಟ ಅಂತ ಕರದು ಬ್ರೆಜಿಲ್ ಹಿಂಡಿ ಬಡಸೂದು ನನ್ನ ಕೈಲೆ ಆಗಂಗಿಲ್ಲ ರೀ. ಹುಡುಗರಿಗೆ ದಿನಾ ಖರೇ ಹೇಳಾಕಿ ನಾನು.”

ಚೇಷ್ಟೆ ಎಂದುಕೊಂಡ. ಅಲ್ಲವೆಂದು ಭಾನುವಾರ ಮಧ್ಯಾಹ್ನ ತಾಟು ನೋಡಿದಾಗ ತಿಳಿಯಿತು. ರೊಟ್ಟಿ, ಬದನೆಕಾಯಿಗೆ ಎಳ್ಳಿನ ಪುಡಿ, ಸಪ್ಪನೆಯ ಹೆಸರುಬೇಳೆ, ಮೊಸರು. ಕೆಂಪೆಂಬುದು ಗುರುದೇವಿಯ ಕುಂಕುಮದಲ್ಲಿ ಮಾತ್ರ ಇತ್ತು.

ಅಧ್ಯಕ್ಷರ ಜೊತೆ ಬಂದಿದ್ದ ಹುಣಸಗಿಯ ಹಂಪಣ್ಣ ತಾಟಿನ ನಾಲ್ಕೂ ದಿಕ್ಕು ನೋಡಿ, “ಅಕ್ಕಾರ, ಖಾರ ಮರತ್ರೇನು?” ಎಂದ.

ಕೇಳಿದ ಮೇಲೆ ಸುಳ್ಳು ಹೇಳಬಹುದೇ? ಗುರುದೇವಿ ಹಡಗಿನಿಂದ ಹಿಡಿದು ಗೋವಾದವರೆಗೆ ಪೂರ್ತಿ ಪಾಠ ಒಪ್ಪಿಸಿದಳು. ಹಂಪಣ್ಣ ತೆರೆದ ಬಾಯಿ ತೆರೆದೇ ಇತ್ತು. ಮರಿಲಿಂಗಪ್ಪನವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಪದವಿ ಹೋಯಿತು, ಅಂಗಡಿಯೂ ಹೋಯಿತು ಎಂದು ವಿಶ್ವರಾಧ್ಯ ಬೆವರಿದ.

“ತಂಗೀ, ಇನ್ನೊಂದ ರೊಟ್ಟಿ ಹಾಕವ್ವ,” ಎಂದರು ಮರಿಲಿಂಗಪ್ಪ. ಕಣ್ಣಲ್ಲಿ ನೀರಿತ್ತು. “ನನ್ನ ಹೊಟ್ಟ್ಯಾಗ ಹುಣ್ಣೈತಿ. ಡಾಕ್ಟರು ಖಾರ ಬಂದ್ ಮಾಡ್ಯಾರ. ಅಧ್ಯಕ್ಷ ಆಗಿ ಖಾರ ಒಲ್ಲೆ ಅಂತ ಹ್ಯಾಂಗ ಅನ್ಲಿ? ಮನಿ ಮನ್ಯಾಗ ಉಂಡು ಸುಟಗೊಂಡೀನಿ. ಇವತ್ತ ಉಂಡೆ ನೋಡು, ಖರೇ ಊಟ.”

ವಿಶ್ವರಾಧ್ಯನಿಗೆ ಹೋದ ಜೀವ ಬಂತು. ಬಂದ ಜೀವ ಬಹಳ ಹೊತ್ತು ನಿಲ್ಲಲಿಲ್ಲ.

“ಇನ್ನ ಮ್ಯಾಲ ಬಳಗದಾಗ ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ,” ಎಂದು ಅಧ್ಯಕ್ಷರು ಕೈ ತೊಳೆಯುತ್ತ ಅಪ್ಪಣೆ ಕೊಡಿಸಿದರು. “ಕಾರ್ಯದರ್ಶಿ ಮನಿಯಿಂದನ ಶುರು ಆಗಲಿ. ಆ ಬೋರ್ಡಿನ ಮ್ಯಾಲಿನ ‘ದೇಸಿ’ ನಾಳೆ ಅಳಸಸ್ರಿ. ನಾ ಪ್ರತಿ ಆಯ್ತಾರ ಇಲ್ಲೇ ಉಣ್ಣಾಕ ಬರ್ತೀನಿ.”

ಅತಿಥಿಗಳು ಹೋದ ಮೇಲೆ ಗುರುದೇವಿ, “ಗುಡಿಗಿ ಹೋಗಿ ಬರ್ತೀನ್ರಿ,” ಎಂದು ಸೆರಗು ಹೊದ್ದು ಹೊರಟಳು. ಸಂಜೆಯವರೆಗೆ ಸಪ್ಪೆ ನಾಲಿಗೆಯನ್ನು ಬಾಯಲ್ಲಿ ಹೊರಳಿಸುತ್ತ ಕೂತ ವಿಶ್ವರಾಧ್ಯ ಕೊನೆಗೆ ತಡೆಯಲಾರದೆ ಟವೆಲಿನಿಂದ ತಲೆ ಮುಚ್ಚಿಕೊಂಡು, ಸಂದಿಗೊಂದಿ ಹಿಡಿದು, ಬಸ್‌ಸ್ಟ್ಯಾಂಡಿನ ಹಿಂದಿರುವ ಮುನ್ನಿಬೀಯ ಭಜಿ ಬಂಡಿಯ ಮುಂದೆ ಪ್ರತ್ಯಕ್ಷನಾದ.

ಅಲ್ಲಿ ಬೆಂಚಿನ ಮೇಲೆ ಗುರುದೇವಿ ಕೂತಿದ್ದಳು. ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಭಜಿ. ಮೂಗಿನ ತುದಿ ಕೆಂಪಾಗಿತ್ತು.

ವಿಶ್ವರಾಧ್ಯ ಟವೆಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಮುನ್ನಿಬೀಯೇ ಮಾತಾಡಿಸಿದಳು. “ಬರ್ರಿ ಸಾಹುಕಾರ‍್ರ. ಟೀಚರಮ್ಮ ನೂಡಲ್ಸ್ ಬಂದ್ ಆದಾಗಿಂದ ದಿನಾ ಬರ್ತಾರ. ನೀವ ಇದ ಮೊದಲ.”

“ದಿನಾ?” ಎಂದ ವಿಶ್ವರಾಧ್ಯ. ಹಾಗೆನ್ನುತ್ತಲೇ ಕೈ ತಾನಾಗಿ ಭಜಿಯ ತಾಟಿನ ಕಡೆ ಹೋಯಿತು.

ಗುರುದೇವಿ ತಾಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ನೀವು ತಿನ್ನಂಗಿಲ್ಲ ರೀ,” ಎಂದಳು. “ಕಾರ್ಯದರ್ಶಿ ಅದೀರಿ.”