ಕಾಕಾನ ಮರಗೆಣಸಿಗೆ ಎಷ್ಟು ಲಕ್ಷಣ?

ನಮ್ಮ ಕಾಕಾ ಮನುಷ್ಯರ ಗುರುತು ಹಿಡಿಯುವುದು ಮುಖ ನೋಡಿ ಅಲ್ಲ. ಎತ್ತರ, ಕವಲು, ಸಿಪ್ಪೆ ನೋಡಿ! ನನ್ನ ಬಗ್ಗೆ ಅವರ ವಹಿಯಲ್ಲಿ ಹೀಗಿದೆ: "ಎತ್ತರ ಮಧ್ಯಮ. ಕಾಂಡ ಬಾಗಿದ್ದು. ನೆಲದ ಕೆಳಗೆ ಏನೂ ಇಲ್ಲ." ತಪ್ಪೇನಿದೆ ಹೇಳಿ?

ನಮ್ಮ ಆಡಕಿ ಊರಲ್ಲಿ ಎಲ್ಲರೂ ತೊಗರಿ ಬಿತ್ತಿದರೆ ಕಾಕಾ ಹಿತ್ತಲಲ್ಲಿ ಮರಗೆಣಸು ಬೆಳೆಸುತ್ತಾರೆ. ಸಾಬೂದಾಣಿ ಆಗುತ್ತದಲ್ಲ, ಅದೇ ಗೆಡ್ಡೆ. ಕೇರಳದ ಕಡೆಯಿಂದ ಬರುವ ಪರಿಚಯದವರನ್ನು ವಾಡಿ ಸ್ಟೇಷನ್ನಿನಲ್ಲಿ ಕಾದು, ಒಂದೊಂದೇ ಕಡ್ಡಿ ಇಸಿದುಕೊಂಡು ನೆಟ್ಟದ್ದು. ಪಕ್ಕದ ಮನೆಯ ಅಜ್ಜಿ ಒಂದು ದಿನ ಕತ್ತೆತ್ತಿ ಗಿಡದ ತುದಿಯಲ್ಲೇ ಹುಡುಕುತ್ತಿದ್ದಳು. "ಮರಗೆಣಸು ಅಂತೀದಿ, ಮರದ ಮ್ಯಾಲ ಒಂದ್ ಗೆಣಸೂ ಕಾಣವಲ್ದಲ್ಲೋ ತಮ್ಮಾ?"

ಹೋದ ವರ್ಷ ಸಂಶೋಧನಾ ಕೇಂದ್ರದ ಮೇಡಂ ಒಬ್ಬರು ಫೋನ್ ಮಾಡಿ, ತಳಿ ಸಂಗ್ರಹಕ್ಕೆ ಕಡ್ಡಿ ಒಯ್ಯುತ್ತೇವೆ, ಪ್ರತಿ ಗಿಡದ ಲಕ್ಷಣ ಬರೆದಿಡಿ ಎಂದರು. ಎರಡು ಗಿಡ ಒಂದೇ ಥರ ಕಂಡರೆ ಒಂದನ್ನು ಬಿಟ್ಟು ಹೋಗುತ್ತಾರಂತೆ. ಕಾಕಾನಿಗೆ ಊಟ ಸೇರದಾಯಿತು!

"ಎತ್ತರ ಬರೀರಲ್ಲ" ಅಂದೆ.

"ಬ್ಯಾಡೋ. ನೀರು ಭಾಳ ಕುಡದ್ರ ಎತ್ತರ ಆಗ್ತದ. ಹೊಲ ಬದಲಾದ್ರೂ ತಾನು ಬದಲಾಗಲಾರದ್ದು ಬೇಕು."

"ಹಂಗಾರ ನಿಮ್ಮ ಹಟ ಬರೀರಿ!"

ಕೊನೆಗೆ ಉಳಿದದ್ದು ಎಲೆಯ ಸೀಳು, ಕಾಂಡದ ಬಣ್ಣ, ಎಲೆತೊಟ್ಟಿನ ಬಣ್ಣ. ಒಂದು ಕಾಂಡಕ್ಕೆ ಕಾಕಾ "ಶಹಾಬಾದ್ ಫರಸಿ ಬಣ್ಣ" ಎಂದು ಬರೆದು ಮುಗಿಸುವಷ್ಟರಲ್ಲಿ ಕಾಕಿ ಪಡಸಾಲೆ ತೊಳೆದಳು. ನೆಲಕ್ಕೆ ಹಾಸಿದ ಬೂದಿ ಬಣ್ಣದ ಫರಸಿ ಕಲ್ಲು ಕಪ್ಪಾಯಿತು! ಕಾಕಾ ತಿದ್ದಿದರು: "ಒಣ ಫರಸಿ ಬಣ್ಣ."

ಮೇಡಂ ಬಂದ ದಿನ ಲಕ್ಷಣ ಬರೆದ ಆ ವಹಿ ನನ್ನ ಕೈಯಲ್ಲಿತ್ತು. ಕಾಕಾನ ದನಿ ತೆಗೆದು ಓದಿ ಓಣಿಯವರನ್ನು ನಗಿಸಲು ಎತ್ತಿಕೊಂಡು ಹೋಗಿದ್ದೆ. ಓಡಿ ಬರುವಷ್ಟರಲ್ಲಿ ಮೇಡಂ ಎರಡು ಅವಳಿ ಗಿಡಗಳ ಮುಂದೆ ಕುಳಿತು ಎಲೆಯ ಸೀಳು ಎಣಿಸುತ್ತಿದ್ದರು.

"ಸೀಳು ನೋಡಿದ್ರೆ ಇವೆರಡೂ ಒಂದೇ ಅನ್ಸುತ್ತೆ. ತೊಟ್ಟಿನ ಬಣ್ಣ ಏನಂತ ಬರೆದಿದ್ದೀರಿ ಸರ್?"

ಕಾಕಾ ತೊಟ್ಟು ಹಿಡಿದರು. ತಿರುವಿದರು. ಕನ್ನಡಕ ಒರೆಸಿದರು. ಅಷ್ಟರಲ್ಲಿ ಬಟ್ಟೆ ಹಾಕುವ ತಂತಿಯ ಹತ್ತಿರದಿಂದ ಕಾಕಿ ಕೂಗಿದಳು: "ಏನ್ರಿ, ಕೆಂಪು ಸೀರಿ ಒಣ ಹಾಕ್ಲಿಕತ್ತೀನ್ರಿ!"

"ಕೆಂಪು" ಅಂದರು ಕಾಕಾ.

ಎರಡನೆಯ ಗಿಡ. "ಹಸರು ಸೀರಿನೂ ಹಾಕ್ಲೇನ್ರಿ?"

"ಹಸರು."

ನಗಲು ಬಾಯಿ ತೆರೆದೆ. ತಂತಿಯ ಮೇಲೆ ಸೀರೆಯೇ ಇರಲಿಲ್ಲ. ಒಂದು ಬಿಳಿ ಧೋತರ ತೂಗುತ್ತಿತ್ತು. ಕೈಯಲ್ಲಿದ್ದ ವಹಿ ತೆರೆದೆ. ತೊಟ್ಟಿನ ಬಣ್ಣದ ಸಾಲುಗಳೆಲ್ಲ ಕಾಕಿಯ ಅಕ್ಷರ. ಕಾಕಾನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ ಎಂದು ನನಗೆ ಗೊತ್ತಾದದ್ದು ಆಗ. ತೆರೆದ ಬಾಯಿ ಹಾಗೇ ಮುಚ್ಚಿತು.

ಮೇಡಂ ಎರಡೂ ಕಡ್ಡಿಗಳಿಗೆ ಬೇರೆ ಬೇರೆ ಚೀಟಿ ಕಟ್ಟಿ ಚೀಲಕ್ಕಿಟ್ಟರು. ಮುಂದಿನ ಗಿಡದ ಹತ್ತಿರ ಹೋಗಿ ಕಾಕಾನನ್ನು ಏನೂ ಕೇಳಲಿಲ್ಲ. ಪೆನ್ನು ಹಿಡಿದು, ತಂತಿಯ ಕಡೆ ಕಿವಿಗೊಟ್ಟು, ಸುಮ್ಮನೆ ಕಾದರು.