ರುಚಿ ನೋಡುವುದು ತಿಂದ ಹಾಗಲ್ಲ

ಬೇಕರಿಯ ಯಜಮಾನರಿಗೆ ಸಿಟ್ಟು ಬಂದದ್ದು ರಕ್ತದಲ್ಲಿ ಕೊಲೆಸ್ಟರಾಲ್ ಮಿತಿಮೀರಿದೆ ಎಂದು ತಿಳಿದಾಗಲ್ಲ. "ನೀವು ತಿನ್ನೋದರ ಮೇಲೆ ಸ್ವಲ್ಪ ಹಿಡಿತ ಇಟ್ಕೋಬೇಕು" ಎಂದು ಡಾಕ್ಟರಮ್ಮ ಹೇಳಿದಾಗ.

"ನಾನು ತಿನ್ನೋದೇ ಇಲ್ವಲ್ಲ ಡಾಕ್ಟ್ರೇ!"

ಈ ಮಾತನ್ನು ಅವರು ಎದೆ ಮುಟ್ಟಿಕೊಂಡು, ಸತ್ಯಕ್ಕೆ ಸಾಕ್ಷಿ ಹೇಳುವವರ ಹಾಗೆ ಹೇಳಿದರು. ಡಾಕ್ಟರಮ್ಮ ವರದಿಯ ಹಾಳೆಯನ್ನೊಮ್ಮೆ, ಯಜಮಾನರ ಹೊಟ್ಟೆಯನ್ನೊಮ್ಮೆ ನೋಡಿದರು. (ಆ ಹೊಟ್ಟೆ ಯಾವಾಗಲೂ ಯಜಮಾನರಿಗಿಂತ ಒಂದು ಗೇಣು ಮೊದಲೇ ಎಲ್ಲ ಕಡೆ ತಲುಪುತ್ತಿತ್ತು. ಬ್ರೆಡ್ಡಿನ ಪೊಟ್ಟಣ ಕೊಡುವಾಗ ಅವರ ಕೈ ಕೌಂಟರಿನ ಅಂಚಿಗೆ ಬರುವಷ್ಟರಲ್ಲಿ ಹೊಟ್ಟೆ ಗಿರಾಕಿಯನ್ನು ಮಾತಾಡಿಸಿ ಆಗಿರುತ್ತಿತ್ತು.) ಕೊನೆಗೆ ಪಕ್ಕದ ಕುರ್ಚಿಯಲ್ಲಿದ್ದ ಮನೆಯಾಕೆಯ ಕಡೆ ತಿರುಗಿದರು.

"ನಿಜಾನೇ ಡಾಕ್ಟ್ರೇ," ಎಂದಳು ಆಕೆ. "ಮನೇಲಿ ಇವರು ಊಟ ಮಾಡೋದು ಗುಬ್ಬಿ ಕುಕ್ಕಿದ ಹಾಗೆ. ನನಗೂ ಅದೇ ತಿಳೀತಿಲ್ಲ."

"ನಿಮ್ಮ ತಂದೆಗೆ ಈ ತೊಂದರೆ ಇತ್ತಾ?"

ಯಜಮಾನರ ದನಿ ಸ್ವಲ್ಪ ಇಳಿಯಿತು. "ಇತ್ತೋ ಇಲ್ವೋ ಯಾರಿಗೆ ಗೊತ್ತು. ಹಿಟ್ಟು ನಾದ್ತಾ ಇದ್ದರು. ಎದೆ ಹಿಡ್ಕೊಂಡು ಮೂಟೆ ಮೇಲೆ ಕೂತರು. ಏಳಲಿಲ್ಲ. ಆಗ ಅವರಿಗೂ ಹೆಚ್ಚೂಕಡಿಮೆ ನನ್ನ ವಯಸ್ಸೇ."

ಮನೆಯಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಡಾಕ್ಟರಮ್ಮ ಪೆನ್ನು ತೆಗೆದು, "ಹಾಗಾದ್ರೆ ತಡ ಮಾಡೋದು ಬೇಡ. ದಿನಕ್ಕೊಂದು ಮಾತ್ರೆ, ಜೊತೆಗೆ ಪಥ್ಯ, ನಡಿಗೆ," ಎಂದರು.

ಆದರೆ ಯಜಮಾನರ ಪ್ರಕಾರ ಮಾತ್ರೆ ಎಂದರೆ ಸೋಲು, ಪಥ್ಯ ಎಂದರೆ ತಪಸ್ಸು. ಸೋಲುವುದು ಅವರ ವಂಶದಲ್ಲೇ ಇರಲಿಲ್ಲ. "ಮೂಟೆಗಟ್ಟಲೆ ಹಿಟ್ಟು ನಾದಿದ ಕೈ ಇದು ಡಾಕ್ಟ್ರೇ. ಒಂದು ಗುಳಿಗೆ ಮುಂದೆ ಚಾಚ್ಲಾ? ಪಥ್ಯದಲ್ಲೇ ಇಳಿಸ್ತೀನಿ, ನೋಡ್ತಿರಿ."

ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಡಾಕ್ಟರಮ್ಮ, "ಮುಂದಿನ ಪರೀಕ್ಷೆವರೆಗೆ ಮಾತ್ರ. ಆಗಲೂ ಇಳೀದೇ ಇದ್ರೆ ನೀವು ಬಾಯಿ ತೆಗೀಬೇಕಾದ್ದು ಮಾತ್ರೆ ನುಂಗೋಕೆ, ವಾದ ಮಾಡೋಕಲ್ಲ," ಎಂದು ಬಿಟ್ಟುಕೊಟ್ಟರು.

ಮನೆಯಾಕೆ ಹೆಚ್ಚು ಮಾತಿನವಳಲ್ಲ. ಯಾರು ಏನೇ ಹೇಳಿದರೂ ಪೂರ್ತಿ ಕೇಳುವವಳು. ಮನೆಗೆ ಬಂದವಳೇ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿ ನಿಂತಳು. ಏನು ಬೇಡಿಕೊಂಡಳೋ ತಿಳಿಯದು. ಕಣ್ಣು ತೆರೆದ ಮೇಲೆ ಅಡುಗೆಮನೆಯಲ್ಲಿ ಹೊಸ ರಾಜ್ಯಭಾರ ಶುರುವಾಯಿತು. ಎಣ್ಣೆಯ ಡಬ್ಬಿ ಅಟ್ಟ ಹತ್ತಿತು. ತುಪ್ಪದ ಭರಣಿ ಪಕ್ಕದ ಮನೆಗೆ ದತ್ತು ಹೋಯಿತು. ತಟ್ಟೆಯಲ್ಲಿ ಬೇಯಿಸಿದ ಸೊಪ್ಪು, ಬೇಯಿಸಿದ ಕಾಳು, ಬೇಯಿಸಿದ ಸೋರೆಕಾಯಿ ಕಾಣಿಸಿಕೊಂಡವು. ಆಕೆ ತನಗೂ ಅದನ್ನೇ ಬಡಿಸಿಕೊಂಡಳು.

ಯಜಮಾನರನ್ನು ಇಲ್ಲಿ ಮೆಚ್ಚಲೇಬೇಕು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸೋರೆಕಾಯಿಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ತಿಂದರು. ಸಂಜೆ ಅಂಗಡಿ ಮುಚ್ಚಿದ ಮೇಲೆ ಮನೆಯಾಕೆಯ ಜೊತೆ ಕೆರೆಯ ಸುತ್ತ ನಡೆದರು. ಸಿಕ್ಕಿದವರಿಗೆಲ್ಲ ಇಂದ್ರಿಯನಿಗ್ರಹದ ಬಗ್ಗೆ ಉಪದೇಶ ಮಾಡಿದರು. "ಮನಸ್ಸು ಗಟ್ಟಿ ಇರಬೇಕು ಕಣ್ರೀ. ನನ್ನ ನೋಡಿ, ಬೇಕರಿ ಇಟ್ಕೊಂಡು ಬೆಣ್ಣೆ ಮುಟ್ಟಲ್ಲ!"

ಪಕ್ಕದಲ್ಲಿ ನಡೆಯುತ್ತಿದ್ದ ಮನೆಯಾಕೆಗೆ ಗಂಡನ ಮೇಲೆ ಹೆಮ್ಮೆ ಉಕ್ಕಿತು. ಪಾಪ, ಇಷ್ಟು ವರ್ಷ ಇವರ ಒಳಗಿನ ಋಷಿಯನ್ನು ನಾನು ಗುರುತಿಸಲೇ ಇಲ್ಲವಲ್ಲ ಎಂದು ನೊಂದುಕೊಂಡಳು.

ಎರಡನೇ ಪರೀಕ್ಷೆಯ ವರದಿ ಬಂತು. ಕೊಲೆಸ್ಟರಾಲ್ ಇಳಿಯುವುದಿರಲಿ, ಇನ್ನೂ ಒಂದು ಮೆಟ್ಟಿಲು ಮೇಲೇರಿ ಕುಳಿತಿತ್ತು.

"ಮಿಷನ್ನೇ ಕೆಟ್ಟಿರಬೇಕು," ಎಂದರು ಯಜಮಾನರು. "ಇಲ್ಲಾ ಬೇರೆ ಯಾರದೋ ರಕ್ತ. ಯಾರೋ ತಿಂಡಿಪೋತಂದು!"

ಆ ರಾತ್ರಿ ಮನೆಯಾಕೆಗೆ ಮೂಟೆಯ ಮೇಲೆ ಕುಳಿತು ಏಳದೇ ಹೋದ ಮಾವನವರ ನೆನಪು. ಬೆಳಿಗ್ಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಹಿಡಿದು, ಗಂಡನ ಹಿಂದೆಯೇ ಬೇಕರಿಗೆ ಹೊರಟಳು.

"ನೀನ್ಯಾಕೆ? ಡಬ್ಬಿ ಯಾಕೆ?"

"ಸುಮ್ನೆ ರೀ. ನಿಮ್ಮ ಕೆಲಸ ಕೂತು ನೋಡಿ ಎಷ್ಟು ದಿನ ಆಯ್ತು."

ಯಜಮಾನರಿಗೆ ಇದು ಬಹಳ ಹಿತವಾಯಿತು. ಹಿಟ್ಟಿನ ಕೋಣೆಯಲ್ಲಿ ಒಂದು ಸ್ಟೂಲು ಹಾಕಿಸಿ, ಧೂಳು ಒರೆಸಿ, ಆಕೆಯನ್ನು ಕೂರಿಸಿದರು. ಓವನ್ನಿನ ಮುಂದೆ ಇದ್ದ ಒಲೆಯಣ್ಣ, ಯಜಮಾನರ ಅಪ್ಪನ ಕಾಲದ ಆಳು, ತಾನು ಅತ್ತಿಗೆ ಎಂದೇ ಕರೆಯುವ ಮನೆಯಾಕೆಯನ್ನು ನೋಡಿ ಹಲ್ಲು ಕಿರಿದ.

ಆ ಬೇಕರಿಯಲ್ಲಿ ಒಂದು ಪದ್ಧತಿಯಿತ್ತು. ಯಜಮಾನರ ತಂದೆ ಹಾಕಿಕೊಟ್ಟದ್ದು. ಓವನ್ನಿನಿಂದ ಹೊರಬಂದ ಯಾವ ಟ್ರೇಯೂ ಮಾಲೀಕನ ನಾಲಿಗೆ ದಾಟದೆ ಗಾಜಿನ ಕಪಾಟು ಸೇರುವಂತಿಲ್ಲ. ಟ್ರೇ ಬಂದರೆ ಒಂದು ಮೂಲೆ ಮುರಿಯಬೇಕು, ಬಾಯಿಗೆ ಹಾಕಬೇಕು, ಕಣ್ಣು ಮುಚ್ಚಬೇಕು, ಆಮೇಲೆ "ಹೂಂ" ಎನ್ನಬೇಕು. ಈ "ಹೂಂ" ಇಲ್ಲದೆ ಒಂದು ಬಿಸ್ಕತ್ತೂ ಮಾರಾಟವಾದದ್ದಿಲ್ಲ. ಒರೆಗೆ ಹಚ್ಚುವ ಚಿನ್ನಕ್ಕೂ ಇಷ್ಟು ಪರೀಕ್ಷೆ ಇರುವುದಿಲ್ಲ.

ಮೊದಲ ಟ್ರೇ ಬನ್ನಿನದು. ಯಜಮಾನರು ಒಂದು ಮೂಲೆ ಮುರಿದರು, ಕಣ್ಣು ಮುಚ್ಚಿದರು, "ಹೂಂ" ಎಂದರು. ಅವರು ಕಣ್ಣು ತೆರೆಯುವುದರೊಳಗೆ ಮನೆಯಾಕೆ ಅಷ್ಟೇ ಗಾತ್ರದ ಇನ್ನೊಂದು ಮೂಲೆ ಮುರಿದು ಡಬ್ಬಿಗೆ ಹಾಕಿದಳು.

ಬೆಣ್ಣೆ ಬಿಸ್ಕತ್ತು ಬಂತು. ಒಂದು ಬಾಯಿಗೆ, ಒಂದು ಡಬ್ಬಿಗೆ. ಅದು ಸ್ವಲ್ಪ ಹೆಚ್ಚು ಕೆಂಪಾಗಿದೆಯೇನೋ ಎಂದು ಅನುಮಾನ ಬಂದು ಯಜಮಾನರು ಇನ್ನೊಂದು ತಿಂದರು. ಡಬ್ಬಿಗೂ ಅನುಮಾನ ಬಂತು. ಕೇಕು ಬಂತು. ಕೇಕಿನ ಅಂಚು ಬೇರೆ, ನಡುಭಾಗ ಬೇರೆ, ಎರಡನ್ನೂ ನೋಡಬೇಕಲ್ಲ. ಮೇಲೆ ಹಚ್ಚುವ ಕ್ರೀಮಿಗೆ ಬೆರಳೇ ಚಮಚ. ಪಫ್ ಪದರ ಪದರವಾಗಿ ಬಿಡಿಸಿದಾಗ ಪ್ರತಿ ಪದರಕ್ಕೂ ನ್ಯಾಯ ಸಿಗಬೇಕು. ಒಡೆದ ರಸ್ಕು ಯಾರಿಗೂ ಮಾರಲಾಗುವುದಿಲ್ಲ, ಎಸೆದರೆ ಅನ್ನಕ್ಕೆ ಅವಮಾನ. ಆದ್ದರಿಂದ ಅದೂ.

ಒಲೆಯಣ್ಣ ನಗು ತಡೆಯಲಾರದೆ ಓವನ್ನಿನೊಳಗೆ ತಲೆ ತೂರಿಸುವಂತೆ ನಿಂತಿದ್ದ. ಯಜಮಾನರು ಮಾತ್ರ ಯಾವುದನ್ನೂ ಗಮನಿಸಲಿಲ್ಲ. ಅವರು ಕೆಲಸ ಮಾಡುತ್ತಿದ್ದರು. ನಿಜವಾಗಿ ಹೇಳುವುದಾದರೆ ಅವರು ಸುಳ್ಳುಗಾರರಲ್ಲ, ಕಳ್ಳತಿಂಡಿಯ ಮನುಷ್ಯರೂ ಅಲ್ಲ. ತಿನ್ನುವುದು ಹಸಿವಿಗೆ, ರುಚಿ ನೋಡುವುದು ಧರ್ಮಕ್ಕೆ ಎಂದು ಅವರು ಮನಸಾರೆ ನಂಬಿದ್ದರು. ಪೂಜಾರಿ ಗಂಟೆ ಬಾರಿಸಿದ್ದನ್ನು ಯಾರಾದರೂ ವ್ಯಾಯಾಮ ಎನ್ನುತ್ತಾರೆಯೇ?

ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ಮುಚ್ಚಳ ಹಾಕಲು ಒಲೆಯಣ್ಣನೂ ಕೈ ಕೊಡಬೇಕಾಯಿತು.

ಗಂಡನನ್ನೂ ಕರೆದುಕೊಂಡು ಮನೆಯಾಕೆ ಅದನ್ನು ಹೊತ್ತು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ತಮ್ಮ ಮೇಜಿನ ಮೇಲೆ ಡಬ್ಬಿ ತೆರೆದಾಗ, "ಅಯ್ಯೋ, ಇಷ್ಟೊಂದು ಯಾಕೆ ತಂದ್ರಿ? ನಮ್ಮ ಸ್ಟಾಫಿಗೆಲ್ಲ ಆಗತ್ತಲ್ಲ," ಎಂದರು.

"ನಿಮಗಲ್ಲ ಡಾಕ್ಟ್ರೇ," ಎಂದಳು ಮನೆಯಾಕೆ ಮೆಲ್ಲಗೆ. "ಇದು ಇವರು ತಿನ್ನದೇ ಇದ್ದದ್ದು. ಒಂದು ಬೆಳಗಿಂದು."

ಯಜಮಾನರು ಡಬ್ಬಿಯನ್ನು ನೋಡಿದರು. ಬಗ್ಗಿ ಮತ್ತೆ ನೋಡಿದರು. ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಪರಿಚಯವಿಲ್ಲದ ಮನೆಯ ಬಾಗಿಲು ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. "ಇಷ್ಟೂ... ನಾನಾ?"

"ನೀವು ತಿಂದಿಲ್ಲ ಬಿಡಿ, ಡ್ಯೂಟಿ ಮಾಡಿದ್ದೀರಿ," ಎಂದರು ಡಾಕ್ಟರಮ್ಮ, ನಗು ಕಣ್ಣಿನಲ್ಲೇ ಹಿಡಿದು. ಆಮೇಲೆ ಗಂಭೀರರಾದರು. "ನೋಡಿ, ಇದು ನಿಂತರೆ ಅರ್ಧ ಕೆಲಸ ಆಗತ್ತೆ. ಆದರೆ ನಿಮ್ಮ ತಂದೆಯ ವಿಷಯ ಕೇಳಿದ ಮೇಲೆ ಮಾತ್ರೆ ಬೇಡ ಅನ್ನೋ ಧೈರ್ಯ ನನಗಿಲ್ಲ. ಬಾಯಿಂದ ಒಳಗೆ ಹೋಗೋದನ್ನ ನೀವು ತಡೀಬಹುದು. ಒಳಗೇ ತಯಾರಾಗೋದನ್ನ ಮಾತ್ರೆ ತಡೀಬೇಕು. ಇವೆರಡೂ ಸವತಿಯರಲ್ಲ ಸ್ವಾಮಿ, ಅಕ್ಕತಂಗಿಯರು."

ಯಜಮಾನರ ಮುಖ ತಟ್ಟನೆ ಅರಳಿತು. "ಸರಿ ಡಾಕ್ಟ್ರೇ, ಮಾತ್ರೆ ತಗೋತೀನಿ. ಮಾತ್ರೆ ಇರೋವಾಗ ರುಚಿ ನೋಡಿದ್ರೆ ಪರವಾಗಿಲ್ಲ ಅಲ್ವಾ?"

"ರೀ! ಮಾತ್ರೆ ಬರೆದುಕೊಟ್ಟಿರೋದು ನಿಮಗೆ, ಕೇಕಿಗಲ್ಲ!"

"ಹಾಗಂದ್ರೆ ಹೇಗೇ? ಅಂಗಡಿ ನಿಂತಿರೋದೇ ನನ್ನ ನಾಲಿಗೆ ಮೇಲೆ. ದೇವರು ಕೊಟ್ಟ ನಾಲಿಗೆ ಇದು! ಇದನ್ನ ಕಟ್ಟಿ ಹಾಕಿದ್ರೆ ಗಿರಾಕಿಗಳು ಒಬ್ಬೊಬ್ಬರೇ ಜಾರ್ಕೋತಾರೆ. ಅಪ್ಪ ಕಟ್ಟಿದ ಹೆಸರು ಮಣ್ಣು ಪಾಲಾಗತ್ತೆ." ಇದು ನಾಟಕವಾಗಿರಲಿಲ್ಲ.

ಮನೆಯಾಕೆ ಅವರ ಮಾತು ಪೂರ್ತಿ ಕೇಳಿ ಮುಗಿಸಿದಳು. ಆಮೇಲೆ, "ಹೆಸರು ನಿಲ್ಲಬೇಕು. ನೀವೂ ನಿಲ್ಲಬೇಕು. ನಾಳೆಯಿಂದ ನಾನು ನೋಡ್ತೀನಿ ರುಚಿ," ಎಂದಳು.

"ನೀನಾ? ಸೋರೆಕಾಯಿ ಬೇಯಿಸೋ ನೀನಾ?"

ಮರುದಿನದಿಂದ ಆಕೆ ಹಾಗೆಯೇ ಮಾಡಿದಳು. ಟ್ರೇ ಬಂದರೆ ಸಾಸಿವೆಯಷ್ಟು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, ನೀರು ಮುಕ್ಕಳಿಸಿ, "ಬೆಣ್ಣೆ ಸ್ವಲ್ಪ ಹೆಚ್ಚು", "ಉಪ್ಪು ಸಾಲದು", "ಇನ್ನೊಂದು ಗಳಿಗೆ ಬೇಯಲಿ ಅಣ್ಣಾ" ಎನ್ನುತ್ತಿದ್ದಳು.

"ಅಷ್ಟರಲ್ಲಿ ಏನು ಗೊತ್ತಾಗತ್ತೇ?" ಎಂದು ಯಜಮಾನರು ರೇಗಿದರೆ, "ರುಚಿ ಇರೋದು ನಾಲಿಗೆ ತುದಿಯಲ್ಲಿ ರೀ, ಹೊಟ್ಟೆಯಲ್ಲಲ್ಲ," ಎಂದಳು. ಒಲೆಯಣ್ಣನಿಗೆ ಆ ದಿನ ಮತ್ತೆ ಓವನ್ನಿನೊಳಗೆ ಏನೋ ಕೆಲಸ ಬಂತು.

ಯಜಮಾನರು ಮಾತ್ರೆ ನುಂಗಿದರು. ಮಾಡಲು ಬೇರೆ ಕೆಲಸವಿಲ್ಲದೆ ಸೈಕಲ್ಲಿನಲ್ಲಿ ಹೋಟೆಲುಗಳಿಗೆ ಬ್ರೆಡ್ಡು ತಲುಪಿಸತೊಡಗಿದರು. ಬಾಯಿಗೆ ಬೀಗ, ಕಾಲಿಗೆ ಪೆಡಲು. ಹೊಟ್ಟೆ ಮೆಲ್ಲನೆ ಹಿಂದಕ್ಕೆ ಸರಿದು, ಒಂದು ದಿನ ಯಜಮಾನರೂ ಹೊಟ್ಟೆಯೂ ಒಟ್ಟಿಗೇ ಅಂಗಡಿ ಒಳಗೆ ಬಂದರು. ಮುಂದಿನ ವರದಿ ನೋಡಿ ಡಾಕ್ಟರಮ್ಮ ಎದ್ದು ನಿಂತು ಕೈ ಕುಲುಕಿದರು. "ಮಾತ್ರೆ ಮಾತ್ರ ನಿಲ್ಲಿಸಬೇಡಿ. ಇದು ಮಾತ್ರೆಯೂ ನೀವೂ ಸೇರಿ ಗೆದ್ದಿದ್ದು," ಎಂದರು. ಮನೆಯಾಕೆ ಆ ವರದಿಯನ್ನು ದೇವರ ಪಟದ ಮುಂದಿಟ್ಟು ಬಹಳ ಹೊತ್ತು ನಿಂತಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಯಜಮಾನರು ಬಾಗಿಲ ಸಂದಿಯಿಂದ ನೋಡಿದರು. ಅಷ್ಟು ದಿನವೂ ಅವಳು ಒಬ್ಬಳೇ ಹೊತ್ತು ತಿರುಗಿದ ಭಯ ಎಷ್ಟು ದೊಡ್ಡದೆಂದು ಅವರಿಗೆ ಆಗ ಅರ್ಥವಾಯಿತು.

ಆದರೆ ಮನುಷ್ಯನ ಮನಸ್ಸು ನೋಡಿ. ಎದೆ ಹಗುರವಾದರೂ ಒಳಗೊಂದು ಮೂಲೆಯಲ್ಲಿ ಯಜಮಾನರು ಕಾಯುತ್ತಲೇ ಇದ್ದರು. ಯಾರಾದರೊಬ್ಬ ಗಿರಾಕಿ, ಒಬ್ಬನೇ ಒಬ್ಬ, "ಏನ್ ಸ್ವಾಮಿ, ಮೊದಲಿನ ರುಚಿ ಇಲ್ಲ" ಎಂದಾನೇ ಎಂದು. ಯಾರೂ ಅನ್ನಲಿಲ್ಲ. ಕಪಾಟು ಮಾತ್ರ ಮಧ್ಯಾಹ್ನದೊಳಗೇ ಖಾಲಿಯಾಗತೊಡಗಿತು. ಅದಕ್ಕೆ ಅವರು ಹವೆಯನ್ನು ಕಾರಣ ಮಾಡಿದರು.

ಒಂದು ಸಂಜೆ ಊರ ಶಾಲೆಯ ನಿವೃತ್ತ ಹೆಡ್‌ಮೇಡಮ್ಮು ಬಂದರು. ಹಳೆಯ ಗಿರಾಕಿ, ಮಗಳ ಮನೆಯಲ್ಲಿ ಬಹಳ ತಿಂಗಳು ಇದ್ದು ಆಗಷ್ಟೇ ಮರಳಿದ್ದರು. ದಪ್ಪ ಕನ್ನಡಕದೊಳಗಿಂದ ಕೌಂಟರಿನ ಹಿಂದಿನ ತೆಳ್ಳಗಿನ ವ್ಯಕ್ತಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಜಮಾನರು ಇಲ್ವೇನಪ್ಪ?"

ತಾವೇ ಎಂದು ಹೇಳಲು ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಅವರಿಗೊಂದು ಅಮೋಘ ಯೋಚನೆ ಹೊಳೆಯಿತು. ಮುಖ ನೋಡಿ ದಾಕ್ಷಿಣ್ಯ ಪಡದೆ ಮಾತಾಡುವ ಗಿರಾಕಿ ಇನ್ನೆಲ್ಲಿ ಸಿಗಬೇಕು?

"ಇಲ್ಲ ಮೇಡಂ. ನಾನು ಅವರ ತಮ್ಮ."

"ಅದೇ ಅಂದ್ಕೊಂಡೆ, ಮುಖದಲ್ಲಿ ಹೋಲಿಕೆ ಇದೆ. ನೀನೇ ಲಕ್ಷಣವಾಗಿದ್ದೀಯ ಬಿಡು." ಹೆಡ್‌ಮೇಡಮ್ಮು ಒಂದು ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು. ಯಜಮಾನರ ಉಸಿರೂ ನಿಂತಿತು.

"ಏನು ಮೇಡಂ? ಅಣ್ಣನ ಕಾಲದ ರುಚಿ ಇಲ್ಲ ಅಲ್ವಾ? ಸಂಕೋಚ ಬೇಡ, ಹೇಳಿಬಿಡಿ."

"ಇಲ್ಲಪ್ಪ!" ಹೆಡ್‌ಮೇಡಮ್ಮು ದನಿ ತಗ್ಗಿಸಿ ಮುಂದಕ್ಕೆ ಬಾಗಿದರು. "ನಿಮ್ಮಣ್ಣ ಚಿನ್ನದಂಥ ಮನುಷ್ಯ, ತಪ್ಪು ತಿಳೀಬೇಡ. ಆದರೆ ಅವನ ಬಿಸ್ಕತ್ತಿನಲ್ಲಿ ಬೆಣ್ಣೆ ಬಿಟ್ಟು ಬೇರೇನೂ ಗೊತ್ತಾಗ್ತಿರಲಿಲ್ಲ. ಬೇಜಾರಾದಾನು ಅಂತ ಇಷ್ಟು ವರ್ಷ ತಗೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಡ್ತಿದ್ದೆ. ಇವತ್ತು ನೋಡು, ನಾನೇ ತಿಂತಿದ್ದೀನಿ. ಯಾರ ಕೈಗುಣ ಇದು?"

ಒಲೆಯಣ್ಣ ಒಳಗಿನಿಂದ ಕೂಗಿದ: "ಅತ್ತಿಗೆಯವರದು ಮೇಡಂ!"

"ಪುಣ್ಯಾತ್ಗಿತ್ತಿ! ನಿಮ್ಮಣ್ಣನ್ನ ಹೀಗೇ ಅಂಗಡಿಯಿಂದ ದೂರ ಇಟ್ಟಿರಲಿ. ಮೊಮ್ಮಗಳ ಹುಟ್ಟುಹಬ್ಬಕ್ಕೆ ದೊಡ್ಡ ಕೇಕು ಬೇಕು. ಅತ್ತಿಗೆಗೆ ಹೇಳು."

ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಮನೆಯಾಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಪರದೆ ಸರಿಸಿ ಹೊರಬಂದಳು. ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಿದ್ದಾಳೆ ಎಂಬುದು ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು. ಹೆಡ್‌ಮೇಡಮ್ಮಿಗೆ ಕೈಮುಗಿದು, ಕೇಕಿನ ಅಳತೆ ಕೇಳಿಕೊಂಡು, ಆಮೇಲೆ ಬಹಳ ಮರ್ಯಾದೆಯಿಂದ ಗಂಡನ ಕಡೆ ತಿರುಗಿದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಗುಳಿಗೆ.

"ಮೈದುನರೇ, ನಿಮ್ಮಣ್ಣನ ಮಾತ್ರೆ ಹೊತ್ತಾಯ್ತು. ಅವರು ಊರಲ್ಲಿಲ್ವಲ್ಲ, ಅವರ ಪರವಾಗಿ ನೀವೇ ನುಂಗಿಬಿಡಿ."

ಮೈದುನರು ಮರುಮಾತಿಲ್ಲದೆ ಬಾಯಿ ತೆರೆದರು.