ಪುಣೆಯ ಖವಾ ಹೋಳಿಗೆಯ ಪರಿಮಳ

ದೊಡ್ಡ ಊರಿಗೆ ಹೋದವರು ಒಬ್ಬೊಬ್ಬರು ಒಂದೊಂದು ನೋಡುತ್ತಾರೆ. ಕೆಲವರು ಗುಡಿ ನೋಡುತ್ತಾರೆ, ಕೆಲವರು ಸೀರೆ ನೋಡುತ್ತಾರೆ. ನಾನು ಗಲ್ಲಿ ನೋಡುತ್ತೇನೆ. ಬೋರ್ಡಿನ ಅಕ್ಷರ ಅಳಿಸಿಹೋದ, ಬೆಂಚಿನ ಒಂದು ಕಾಲಿಗೆ ಇಟ್ಟಿಗೆ ಕೊಟ್ಟ, ಒಳಗಿನಿಂದ ತುಪ್ಪದ ಹೊಗೆ ಬರುವ ಪುಟ್ಟ ಅಂಗಡಿ ಎಲ್ಲಿದ್ದರೂ ನನ್ನ ಮೂಗು ನನ್ನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ದೊಡ್ಡ ಹೋಟೆಲನ್ನು ಹುಡುಕುವುದರಲ್ಲಿ ಏನು ದೊಡ್ಡಸ್ತಿಕೆ? ಅದು ತಾನೇ ರಸ್ತೆಗೆ ಅಡ್ಡ ಬಂದು ನಿಂತಿರುತ್ತದೆ. ಈ ಮೂಗಿನ ಬಗ್ಗೆ ನನಗಿದ್ದ ಅಭಿಮಾನ ಹೇಗೆ ಮಣ್ಣುಪಾಲಾಯಿತು ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ನಾನು ಅಥಣಿಯ ಚಪ್ಪಲಿ ವ್ಯಾಪಾರಿಯೊಬ್ಬರಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತ. ತಿಂಗಳಿಗೊಮ್ಮೆ ಹೊಸ ಮಾದರಿಯ ಚಪ್ಪಲಿಗಳ ಗಂಟು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಪುಣೆಗೆ ಹೋಗಿ, ಅಲ್ಲಿಯ ಅಂಗಡಿಯವರಿಗೆ ತೋರಿಸಿ ಮರುದಿನ ಬರುವುದು ನನ್ನ ಕೆಲಸ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ನನ್ನದು. ಅಲ್ಲಿ ಸುಖವಾಗಿ ಕೂರಬಹುದಿತ್ತು, ಆದರೆ ಯಾರದೋ ಒಂದು ದೊಡ್ಡ ಡಬ್ಬಿ, ಒದ್ದೆ ಬಟ್ಟೆ ಸುತ್ತಿಕೊಂಡು, ನನಗಿಂತ ಮೊದಲೇ ಬಂದು ಕಾಲಿಡುವ ಜಾಗದಲ್ಲಿ ಕೂತಿರುತ್ತಿತ್ತು. "ಪಾರ್ಸಲ್ ಐತ್ರಿ, ಸ್ವಲ್ಪ ಸಂಬಾಳಿಸಿಕೋರಿ" ಎನ್ನುತ್ತಿದ್ದ ಡ್ರೈವರ್. ನಮ್ಮ ಕಡೆ ಬಸ್ಸೆಂದರೆ ಅರ್ಧ ಮಂದಿಗೆ, ಅರ್ಧ ಪಾರ್ಸಲ್ಲಿಗೆ. ನಾನೂ ಸಂಬಾಳಿಸಿಕೊಳ್ಳುತ್ತಿದ್ದೆ. ಗಂಟನ್ನು ಆ ಡಬ್ಬಿಯ ಮೇಲೆ ಇಟ್ಟು, ಗಂಟಿನ ಮೇಲೆ ಕಾಲು ಚಾಚಿ ಮಲಗಿಬಿಟ್ಟರೆ ಸಂಜೆಗೆ ಪುಣೆ.

ಲಾಡ್ಜಿನಲ್ಲಿ ಗಂಟು ಇಟ್ಟು, ಸ್ನಾನ ಮಾಡಿ ಗಲ್ಲಿ ಸುತ್ತಲು ಹೊರಟ ಒಂದು ಸಂಜೆ ಆ ಅಂಗಡಿ ಸಿಕ್ಕಿತು. ಮೂರು ಬೆಂಚು, ಒಂದು ಹಂಚು, ಹಂಚಿನ ಹಿಂದೆ ಹಣೆಗೆ ಕಪ್ಪು ಬುಕ್ಕಿಟ್ಟಿನ ಬೊಟ್ಟು ಹಚ್ಚಿದ ಮಾಲೀಕ. ಅವನು ಮಾಡುವುದು ಒಂದೇ ಪದಾರ್ಥ, ಹಾಲು ಕಾಯಿಸಿ ಗಟ್ಟಿ ಮಾಡಿದ ಖವಾದ ಹೋಳಿಗೆ. ಅಲ್ಲಿ ಅದಕ್ಕೆ ಖವಾ ಪೋಳಿ ಅನ್ನುತ್ತಾರೆ. ಬಾಯಿಗಿಟ್ಟರೆ ಯಾಲಕ್ಕಿ, ತುಪ್ಪ, ಅದರ ಹಿಂದೆ ಇನ್ನೊಂದು ಗಾಢವಾದ, ಹೆಸರು ಹೇಳಲು ಬಾರದ ಪರಿಮಳ. ಎಷ್ಟೋ ದಿನದಿಂದ ಪರಿಚಯವಿದ್ದವರು ಎದುರು ಬಂದ ಹಾಗೆ ಮನಸ್ಸಿಗೆ ಹಿತವೆನಿಸಿತು. ಅಂದಿನಿಂದ ಪ್ರತಿ ತಿಂಗಳೂ ಹೋದೆ. ನಾನು ನನ್ನ ಒಡಕು ಮರಾಠಿಯಲ್ಲಿ ಹೊಗಳುವುದು, ಅವನು ಮರಾಠಿಯಲ್ಲೇ "ಬಸಾ ಸಾಹೇಬ, ಬಸಾ" ಎಂದು ಕೂರಿಸುವುದು, ಹೀಗೆ ಆರು ವರ್ಷ ನಡೆಯಿತು.

ಊರಿನಲ್ಲಿ ನನ್ನ ಹೆಸರು ಹರಡಿತು. ಪುಣೆಗೆ ಹೊರಟವರೆಲ್ಲ ನನ್ನ ಹತ್ತಿರ ಬಂದು ಗಲ್ಲಿಯ ಗುರುತು ಕೇಳಿಕೊಂಡು ಹೋಗುವರು. "ಆ ಪರಿಮಳ ಪುಣೆ ನೀರಿನ ಗುಣ, ನಮ್ಮ ಕಡೆ ತಿಪ್ಪರಲಾಗ ಹಾಕಿದರೂ ಬರೂದಿಲ್ಲ" ಎಂದು ನಾನು ಭಾಷಣ ಬಿಗಿಯುತ್ತಿದ್ದೆ. ಇದರಿಂದ ನೊಂದವಳು ಒಬ್ಬಳೇ, ನನ್ನ ಹೆಂಡತಿ ಶಾಂತವ್ವ. ಅವಳ ತವರು ಅಥಣಿ ಹತ್ತಿರ ಹೊಳೆದಂಡೆಯ ಸತ್ತಿ ಎಂಬ ಊರು. ಅವಳ ತಮ್ಮ ಮಲ್ಲಪ್ಪ ಅಲ್ಲಿ ನಾಲ್ಕು ಎಮ್ಮೆ ಕಟ್ಟಿ, ಖವಾ ಕಾಯಿಸಿ, ಹೊರಗಡೆ ಕಳಿಸುತ್ತಾನೆ. ಪಂಚಮಿಗೆ ಅವನು ತಪ್ಪದೆ ತರುವ ಖವಾದಲ್ಲಿ ಇವಳು ಹೋಳಿಗೆ ಮಾಡುವಳು. ನಾನು ಒಂದು ಚೂರು ಮುರಿದು, ಮೂಸಿ, "ಛಲೋ ಐತಿ, ಆದ್ರ ಆ ವಾಸನಿ ಇಲ್ಲ" ಎಂದು ತಾಟು ಸರಿಸುವೆ. ಮಲ್ಲಪ್ಪ ತಲೆ ತಗ್ಗಿಸಿ, "ಮುಂದಿನ ಸಲ ಇನ್ನಷ್ಟು ಕಾಯಿಸಿ ತರ್ತೀನಿ ಮಾಮಾ" ಎನ್ನುವನು. ಹೋದ ಪಂಚಮಿಗೆ ಅವನು ಹೋದ ಮೇಲೆ ಶಾಂತವ್ವ ಅಡುಗೆಮನೆಯಿಂದಲೇ ಹೇಳಿದಳು: "ನನ್ನ ತವರಿಂದು ಅಂದ್ರ ನಿಮ್ಮ ನಾಲಿಗಿಗೆ ಹತ್ತೂದೇ ಇಲ್ಲ. ಒಮ್ಮೆ ನನಗೂ ಆ ಪುಣೇದು ತಿನ್ನಿಸ್ರಿ. ಅದು ಖರೇನ ಹೆಚ್ಚು ಅನಿಸಿದ್ರ, ನನ್ನ ತಮ್ಮಗ ಇನ್ನ ತರಬ್ಯಾಡ ಅಂತೀನಿ." ನನಗೆ ಕೆಡುಕೆನಿಸಿತು; ಆದರೆ ಗೆದ್ದೇ ಗೆಲ್ಲುತ್ತೇನೆಂಬ ಖುಷಿ ಕೆಡುಕಿಗಿಂತ ಜಾಸ್ತಿ ಇತ್ತು.

ಶ್ರಾವಣ ಮುಗಿದ ಮೇಲೆ ಇಬ್ಬರೂ ಹೊರಟೆವು. ಕೆಲಸವಿಲ್ಲದ ಪ್ರಯಾಣ, ಚಪ್ಪಲಿಯ ಗಂಟಿಲ್ಲ. ಕಿಟಕಿ ಬೇಕೆಂದಳೆಂದು ನಡುವಿನ ಸೀಟಿನಲ್ಲಿ ಕೂತೆವು. ಸಂಜೆ ಅಂಗಡಿಗೆ ಕರೆದುಕೊಂಡು ಹೋಗಿ, ಮಾವನ ಮನೆಗೆ ಬಂದ ಅಳಿಯನ ಠೀವಿಯಲ್ಲಿ ಎರಡು ಪ್ಲೇಟು ಹೇಳಿದೆ. ಒಂದು ತುತ್ತು ಬಾಯಿಗಿಟ್ಟೆ. ಯಾಲಕ್ಕಿ ಇತ್ತು, ತುಪ್ಪ ಇತ್ತು. ಪರಿಮಳ ಇರಲಿಲ್ಲ! ಇನ್ನೊಂದು ತುತ್ತು ತಿಂದೆ. ಇಲ್ಲ. ಶಾಂತವ್ವ ಮಾತ್ರ ಕಣ್ಣರಳಿಸಿ, "ಅಯ್ಯ, ಇದು ನಮ್ಮ ಸತ್ತೀದು ಇದ್ದಂಗ ಐತಲ್ರಿ!" ಎಂದಳು.

ಹಂಚಿನ ಮೇಲಿನ ಕೈ ನಿಂತಿತು. "ಏನ್ ಅಕ್ಕಾರ, ನೀವು ಕನ್ನಡದವ್ರಾ?" ಎಂದ ಮಾಲೀಕ, ಅಚ್ಚ ನಮ್ಮ ಕನ್ನಡದಲ್ಲಿ. "ನಂದು ಅಥಣಿ ಹತ್ರ ತೆಲಸಂಗರಿ! ಈ ಸಾಹೇಬ್ರು ಆರು ವರ್ಷದಿಂದ ಮರಾಠಿ ಮಾತಾಡ್ತಾರ, ನಾನು ಇತ್ಲಾಗಿನವ್ರು ಅಂತ ತಿಳದಿದ್ದೆ."

ನಾನೂ ಅವನನ್ನು ಅತ್ತಲಾಗಿನವನೆಂದೇ ತಿಳಿದಿದ್ದೆ. ಗಡಿಯವರ ಹಣೆಬರಹವೇ ಇಷ್ಟು. ಪೇಟೆಗೆ ಬಂದರೆ ಮೊದಲು ಬಾಯಿಗೆ ಬರುವುದು ನಮ್ಮ ಮಾತಲ್ಲ, ಎದುರಿನವನದೆಂದು ನಾವು ಊಹಿಸಿಕೊಂಡ ಮಾತು. ಅದು ಹಾಗಿರಲಿ, ನನಗೆ ಮರ್ಯಾದೆಯ ಚಿಂತೆ. "ಇವತ್ತು ಆ ವಾಸನಿ ಯಾಕ ಇಲ್ಲ?" ಎಂದು ಕೇಳಿದೆ.

"ಖವಾ ಸತ್ತಿಯಿಂದ ಬರ್ತೈತ್ರಿ, ಮಲ್ಲಪ್ಪ ಅಂತ ಒಬ್ಬಾಂವ ಅಥಣಿ ಬಸ್ಸಿಗೆ ಹಾಕ್ತಾನ. ಬಂಗಾರದಂಥಾ ಖವಾರಿ. ಆದ್ರ ತಿಂಗಳಿಗೊಮ್ಮೆ ಯಾಂವೋ ಪುಣ್ಯಾತ್ಮ ಡಬ್ಬಿ ಮ್ಯಾಲ ಹೊಸಾ ಚಪ್ಪಲಿ ಗಂಟು ಇಡ್ತಾನಂತ, ಡ್ರೈವರ್ ಹೇಳಿದ. ಡಬ್ಬಿಗೆ ಸುತ್ತಿದ್ದ ಒದ್ದಿ ಅರಬಿ ತೊಗಲಿನ ವಾಸನಿ ಹೀರಿಕೊಂಡು ಖವಾಕ್ಕ ಇಳಸ್ತೈತಿ. ಅವತ್ತು ಯಾಲಕ್ಕಿ ಡಬಲ್ ಹಾಕಿದ್ರೂ ಗಿರಾಕಿ ಮಾರಿ ಸಿಂಡರಿಸ್ತಾರ. ನೀವೊಬ್ಬರ ನೋಡ್ರಿ ಹೊಗಳಾವ್ರು!"

ಇಪ್ಪತ್ತು ವರ್ಷ ಹೊಸ ಚಪ್ಪಲಿಗಳ ನಡುವೆ ಕೂತವನಿಗೆ ತೊಗಲಿನ ವಾಸನೆ ವಾಸನೆಯೆಂದು ತಿಳಿಯುವುದಿಲ್ಲ. ಪರಿಚಯದವರು ಎದುರು ಬಂದಂತೆ ಹಿತವೆನಿಸಿತ್ತಲ್ಲ, ಬಂದದ್ದು ನನ್ನ ಗುಮಾಸ್ತಿಕೆಯೇ. ಶಾಂತವ್ವ ನನ್ನನ್ನೇ ನೋಡಿದಳು. ಯಾರ ಗಂಟೆಂದು ಮಾಲೀಕನಿಗೆ ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ. "ಮಲ್ಲಪ್ಪ ನನ್ನ ತಮ್ಮರೀ" ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೆರಡು ಹೋಳಿಗೆ ಹಾಕಿಸಿಕೊಂಡಳು.

ಈಗ ನನ್ನ ಗಂಟು ಬಸ್ಸಿನ ಟಾಪಿನ ಮೇಲೆ ಪ್ರಯಾಣಿಸುತ್ತದೆ. ದೀಪಾವಳಿಗೆ ಮಲ್ಲಪ್ಪ ಖವಾ ತಂದಾಗ ನಾನು ತಾಟು ಸರಿಸಲಿಲ್ಲ, ನಾಲ್ಕು ತಿಂದೆ. "ಮಾಮಾ, ಈ ಸಲ ಪುಣೆ ವಾಸನಿ ಬಂದೈತೇನ್ರಿ?" ಎಂದು ಅವನು ಆಸೆಯಿಂದ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಶಾಂತವ್ವ, "ಬೇಕಂದ್ರ ಹೇಳ್ರಿ, ಬಾಗಲದಾಗ ಚಪ್ಪಲಿ ಬಿಟ್ಟೀರಲ್ಲ, ತಂದು ಡಬ್ಬಿ ಮ್ಯಾಲ ಇಡ್ತೀನಿ" ಎಂದಳು. ಮಲ್ಲಪ್ಪನಿಗೆ ತಿಳಿಯಲಿಲ್ಲ. ನಾನು ಐದನೆಯದಕ್ಕೆ ಕೈಚಾಚಿದೆ.

ಮೊನ್ನೆ ನಮ್ಮ ಚಪ್ಪಲಿ ಅಂಗಡಿಯ ಮಾಲಕರು ಪುಣೆಗೆ ಹೋಗಿ, ನಾನು ಹೇಳಿದ ಗಲ್ಲಿ ಹುಡುಕಿ ತಿಂದು ಬಂದರು. "ಹೋಳಿಗಿ ಛಲೋ ಐತಿ ಖರೆ, ನೀ ಹೇಳಿದ ಪರಿಮಳ ಏನೂ ಸಿಗಲಿಲ್ಲಪಾ" ಎಂದರು. ನಾನು ಹೊಸ ಚಪ್ಪಲಿಯೊಂದನ್ನು ಒರೆಸುತ್ತ ನಿಟ್ಟುಸಿರು ಬಿಟ್ಟೆ.

"ಏನ್ ಮಾಡೂದ್ರಿ ಮಾಲಕರ, ಪುಣೆ ಮೊದಲಿನಂಗ ಉಳದಿಲ್ಲ."